ಮೊದಲ ಸಲ ಮಾತ್ರ ಬೀಳುವ ಲ್ಯಾಪ್‌ಟಾಪ್



ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ನೀಲಿ ಪರದೆ ಬಂದು ನಿಂತುಹೋದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಫಾರ್ಮ್ಯಾಟ್ ಮಾಡ್ಸಿಬಿಡ್ರಿ." ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವುದು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಒಂದು ಎಳೆ ಹರಿದರೆ ಇಡೀ ಹಾಸನ್ನೇ ಕಿತ್ತು ಹಾಕುತ್ತಾರೇನು? ಇಲ್ಲ. ಹರಿದ ಎಳೆ ಎಲ್ಲಿದೆ ಅಂತ ಹುಡುಕಿ ಗಂಟು ಹಾಕುತ್ತಾರೆ. ಲ್ಯಾಪ್‌ಟಾಪಿನಲ್ಲೂ ಮೊದಲು ಹುಡುಕಬೇಕಾದ್ದು ಅದನ್ನೇ.

2019-20ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮೊದಲ ವರ್ಷದವರಿಗೆ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿತು. ನಮ್ಮ ಚಿಕ್ಕಪ್ಪನ ಮಗಳು ಅಕ್ಕನಿಗೂ ಒಂದು ಬಂತು. ಇಷ್ಟು ವರ್ಷ ಚೆನ್ನಾಗಿಯೇ ದುಡಿಯಿತು. ಈಚೆಗೆ ದಿನಾ ಬೆಳಿಗ್ಗೆ ಆನ್ ಮಾಡಿದರೆ ಚಿಹ್ನೆ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ನೀಲಿ ಪರದೆ. ತಾನೇ ಆಫ್ ಆಗಿ ಮತ್ತೆ ಆನ್ ಆದರೆ ಏನೂ ಆಗಿಲ್ಲವೇನೋ ಎಂಬಂತೆ ಸಂಜೆವರೆಗೂ ನಡೆಯುತ್ತದೆ. ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಅಂದರು. ಅದರೊಳಗೆ ಅಕ್ಕನ ಬಿ.ಇಡಿ. ಪಾಠ ಯೋಜನೆಗಳೆಲ್ಲ ಇದ್ದವು. ಬೇರೆಲ್ಲೂ ನಕಲು ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ರಿಪೇರಿ ಅಲ್ಲ, ನಕಲು. ಎರಡನೇ ಸಲ ಆನ್ ಆಗುತ್ತದಲ್ಲ, ಆಗಲೇ ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಂಡೆವು. ಇದು ಮುಗಿಯುವ ತನಕ ಬೇರೇನನ್ನೂ ಮುಟ್ಟಬಾರದು.

ಇನ್ನು ಕಾರಣ ನೋಡೋಣ. ಲ್ಯಾಪ್‌ಟಾಪ್ ಏಳುವುದು ನಮ್ಮ ಶಾಲೆ ಶುರುವಾಗುವ ಹಾಗೆ. ಮೊದಲು ಬೀಗ ತೆಗೆಯಬೇಕು: ಅದು ಕರೆಂಟು, ಬ್ಯಾಟರಿ. ಆಮೇಲೆ ಹಾಜರಿ: ಬಯೋಸ್ ಎಂಬ ಚಿಕ್ಕ ಪ್ರೋಗ್ರಾಂ ರ್‍ಯಾಮ್, ಕೀಬೋರ್ಡ್, ಡಿಸ್ಕ್ ಇವೆಲ್ಲ ಇದ್ದಾವಾ ಅಂತ ನೋಡುತ್ತದೆ. ಆಮೇಲೆ ಪಾಠ: ಡಿಸ್ಕಿನಿಂದ ವಿಂಡೋಸ್ ಎದ್ದು ಬರುತ್ತದೆ, ವೈಫೈ, ಶಬ್ದ, ಪರದೆ ನಡೆಸುವ ಡ್ರೈವರ್‌ಗಳನ್ನು ಕರೆಯುತ್ತದೆ. ಯಾವ ಹಂತದಲ್ಲಿ ಬಿತ್ತು ಎಂಬುದೇ ಅರ್ಧ ಉತ್ತರ. ಚಿಹ್ನೆಯೇ ಬರದೆ ಬೀಪ್ ಬೀಪ್ ಅಂದರೆ ರ್‍ಯಾಮ್ ಮೇಲೆ ಅನುಮಾನ. ಡಿಸ್ಕ್ ಸಿಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದು ನಿಂತರೆ ಡಿಸ್ಕ್ ಮೇಲೆ. ಚುಕ್ಕಿಗಳು ಸುತ್ತಿದ ಮೇಲೆ ಬಿದ್ದರೆ ಹೆಚ್ಚಾಗಿ ವಿಂಡೋಸ್ ಅಥವಾ ಡ್ರೈವರ್. ನಮ್ಮ ಕಡೆ ಧೂಳು ಜಾಸ್ತಿ, ಅದಕ್ಕೇ ಹಿಂಗಾಯ್ತು ಅಂತ ಚಿಕ್ಕಪ್ಪ ಹೇಳಿದರು. ಆದರೆ ಫ್ಯಾನಿಗೆ ಧೂಳು ಕಟ್ಟಿದರೆ ಲ್ಯಾಪ್‌ಟಾಪ್ ಕಾದ ಮೇಲೆ ಆಫ್ ಆಗಬೇಕು. ರಾತ್ರಿಯೆಲ್ಲ ತಣ್ಣಗಿದ್ದು ಬೆಳಿಗ್ಗೆ ಮೊದಲ ನಿಮಿಷದಲ್ಲೇ ಯಾಕೆ ಬೀಳುತ್ತದೆ?

ನೀಲಿ ಪರದೆಯ ಕೆಳಗೆ ಒಂದು ಸಾಲು ಇರುತ್ತದೆ. ಅದನ್ನು ಸ್ಟಾಪ್ ಕೋಡ್ ಅನ್ನುತ್ತಾರೆ. ಎಲ್ಲರೂ ಹೆದರಿ ಬಟನ್ ಒತ್ತುತ್ತಾರೆ, ಅದನ್ನು ಓದುವವರೇ ಇಲ್ಲ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ನಿದ್ದೆಯಿಂದ ಏಳುವಾಗ ಯಾವುದೋ ಡ್ರೈವರ್ ಸರಿಯಾಗಿ ಏಳಲಿಲ್ಲ ಅಂತ ಅರ್ಥ.

ಆದರೆ ರಾತ್ರಿ ಪೂರ್ತಿ ಶಟ್‌ಡೌನ್ ಮಾಡಿದ್ದೆವಲ್ಲ, ನಿದ್ದೆ ಎಲ್ಲಿಂದ ಬಂತು? ವಿಷಯ ಇರುವುದೇ ಇಲ್ಲಿ. 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳಗಿನ ಮುಖ್ಯ ಭಾಗವನ್ನು ಡ್ರೈವರ್‌ಗಳ ಸಮೇತ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಅದನ್ನೇ ಓದಿ ಬೇಗ ಏಳುತ್ತದೆ. ನಿನ್ನೆಯ ಬೋರ್ಡ್ ಅಳಿಸದೆ ಅಲ್ಲಿಂದಲೇ ಪಾಠ ಮುಂದುವರಿಸಿದ ಹಾಗೆ! ನಿನ್ನೆ ಬರೆದದ್ದರಲ್ಲಿ ತಪ್ಪಿದ್ದರೆ ಇವತ್ತೂ ತಪ್ಪೇ. ರೀಸ್ಟಾರ್ಟ್ ಆದಾಗ ಮಾತ್ರ ಬೋರ್ಡ್ ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ಎರಡನೇ ಸಲ ಸರಿಹೋಗುತ್ತಿದ್ದುದು ಇದಕ್ಕೇ.

ಇದನ್ನು ಪರೀಕ್ಷಿಸುವುದು ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ. ಅಕ್ಕ ಮೂರು ರಾತ್ರಿ ಹಾಗೆ ಮಾಡಿದಳು, ಮೂರು ಬೆಳಿಗ್ಗೆಯೂ ನೀಲಿ ಪರದೆ ಬರಲಿಲ್ಲ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂಬ ಕಡೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದೆವು. ಈಗ ಏಳುವುದು ಸ್ವಲ್ಪ ನಿಧಾನ, ಅಷ್ಟೇ. ಡ್ರೈವರ್‌ಗಳನ್ನೂ ಅಪ್‌ಡೇಟ್ ಮಾಡಬೇಕು. ಟಿಕ್ ತೆಗೆದರೆ ಕೆಟ್ಟ ಡ್ರೈವರ್ ಒಳ್ಳೆಯದಾಗುವುದಿಲ್ಲ.

ದೊಡ್ಡ ದೊಡ್ಡ ಕಂಪನಿಗಳಿಗೂ ಈ ಪಾಡು ತಪ್ಪಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಬಿದ್ದವು. ಎಷ್ಟೋ ಕಂಪ್ಯೂಟರ್‌ಗಳು ಆನ್ ಮಾಡಿದಷ್ಟು ಸಲವೂ ನೀಲಿ ಪರದೆಯನ್ನೇ ತೋರಿಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ತೊಂದರೆಯಾಯಿತು. ನಮ್ಮ ದೇಶದಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು (ನಮ್ಮ ಈ ಗೋಡೆ ಪತ್ರಿಕೆ ಹಾಗೆ!). ಅಲ್ಲೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ. ಅತ್ಯಗತ್ಯವಾದುದನ್ನು ಮಾತ್ರ ಎಬ್ಬಿಸುವ 'ಸೇಫ್ ಮೋಡ್'ಗೆ ಹೋಗಿ ಆ ಒಂದು ಕೆಟ್ಟ ಫೈಲ್ ತೆಗೆದರೆ ಸಾಕಿತ್ತು.

ಶಿಫ್ಟ್ ಪರೀಕ್ಷೆಯಲ್ಲೂ ಲ್ಯಾಪ್‌ಟಾಪ್ ಬಿದ್ದರೆ ಕಾರಣ ಬೇರೆ. ಪೆನ್ ಡ್ರೈವ್, ಮೌಸ್ ಎಲ್ಲ ಕಿತ್ತು ನೋಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್‌ನಿಂದ ರ್‍ಯಾಮ್ ಪರೀಕ್ಷೆ ಮಾಡಿ. ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಮಾತ್ರ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. ಕೂಡಲೇ ಆಫ್ ಮಾಡಿ, ತಿಳಿದವರ ಹತ್ತಿರ ಒಯ್ದು, "ಮೊದಲು ಫೈಲ್ ತೆಗೆದುಕೊಡ್ರಿ, ಆಮೇಲೆ ರಿಪೇರಿ" ಅಂತ ಹೇಳಿ.