ಒಡೆಯನಿಲ್ಲದ ಒಡವೆ ಉಂಟೇ?

ಇನ್ನೊಬ್ಬರ ಮನೆಯ ಬೀಗ ಮುರಿದು ಒಡವೆ ಕದಿಯುವುದು ಪಾಪವೆಂದು ನಮ್ಮ ಮನೆಗಳ ಮಕ್ಕಳಿಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ. ಅವರು ಅದನ್ನು ತಾಯಿಯ ಮಡಿಲಲ್ಲಿಯೇ ಕಲಿತಿರುತ್ತಾರೆ. ಆದರೆ ಕಳವಿಗೆ ಇನ್ನೊಂದು ಮುಖವಿದೆ. ಅಲ್ಲಿ ಬೀಗವಿಲ್ಲ, ಕಾವಲುಗಾರನಿಲ್ಲ, ಕಳೆದುಕೊಂಡೆನೆಂದು ಅಳುವವರೂ ಕಾಣುವುದಿಲ್ಲ. ‘ಇದರಿಂದ ಯಾರಿಗೆ ತಾನೇ ನಷ್ಟ?’ ಎಂಬ ಒಂದು ಮಾತು ಒಳ್ಳೆಯವರ ಮನಸ್ಸನ್ನೂ ಸಡಿಲಗೊಳಿಸುತ್ತದೆ. ಈ ಮಾತಿನ ಸತ್ಯಾಸತ್ಯವನ್ನು ಸದ್ಗೃಹಸ್ಥರಾದ ನಾವು ಒಮ್ಮೆ ವಿಚಾರ ಮಾಡುವುದು ಒಳಿತು.

ಇದಕ್ಕೆ ಕರಾವಳಿಯ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟರೆ, ಪಣಂಬೂರಿಗೆ ಮೊದಲು ಕೂಳೂರು ಸಿಗುತ್ತದೆ. ಗುರುಪುರ ನದಿಯೆಂದೂ ಹೆಸರಾದ ಫಲ್ಗುಣಿಯು ಇಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಗಳ ಕೆಳಗೆ ಹರಿದು, ಮುಂದೆ ನೇತ್ರಾವತಿಯೊಡನೆ ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ಎರಡು ನದಿಗಳ ಒಡಲಲ್ಲಿರುವ ಮರಳು ಇಂದು ಬೆಲೆಬಾಳುವ ವಸ್ತು. ಅನುಮತಿಯಿಲ್ಲದೆ ಅದನ್ನು ತೆಗೆದು ಸಾಗಿಸುತ್ತಿದ್ದ ದೋಣಿ, ಲಾರಿಗಳನ್ನು ಅಧಿಕಾರಿಗಳು ವಶಪಡಿಸಿಕೊಂಡ ಸುದ್ದಿಯನ್ನು ದಕ್ಷಿಣ ಕನ್ನಡದ ಜನರು ಮತ್ತೆ ಮತ್ತೆ ಓದಿದ್ದಾರೆ.

ಇಲ್ಲಿ ನಷ್ಟ ಯಾರಿಗೆ? ಮರಳನ್ನು ಬಿತ್ತಿದವರಿಲ್ಲ, ಬೆಳೆದವರಿಲ್ಲ. ಮಳೆಗಾಲದ ನೆರೆಯೊಡನೆ ಹೊಸ ಮರಳು ಬರುತ್ತದೆ. ನೀರಿಗಿಳಿದು ಬುಟ್ಟಿ ತುಂಬುವ ಕೂಲಿಕಾರನಿಗೆ ಅಂದಿನ ಅನ್ನ ದೊರೆಯುತ್ತದೆ, ಮನೆ ಕಟ್ಟುವವನಿಗೆ ನಾಲ್ಕು ಕಾಸು ಉಳಿಯುತ್ತದೆ. ವಾದವು ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ಕೈಯಿಂದ ಮರಳು ತೆಗೆಯುವುದು ಸ್ವತಃ ತಪ್ಪಾದ ವೃತ್ತಿಯೂ ಅಲ್ಲ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳಿನ ದಿಬ್ಬಗಳನ್ನು ಪಾರಂಪರಿಕ ಸಮುದಾಯದವರು ಯಂತ್ರವಿಲ್ಲದೆ ತೆಗೆಯಲು, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯ ಮೂಲಕ ಪರವಾನಗಿ ನೀಡುವ ವ್ಯವಸ್ಥೆಯನ್ನು ಮಾಡಲಾಗಿತ್ತು. ನದಿ ಎಷ್ಟನ್ನು ಕೊಡಬಲ್ಲುದೆಂದು ಅಳೆದು, ಅಷ್ಟನ್ನೇ ತೆಗೆಯಬೇಕೆಂಬುದು ಅದರ ಉದ್ದೇಶ.

ಆ ಅಳತೆ ಮೀರಿದಾಗ ನಷ್ಟವು ತಾನಾಗಿಯೇ ಹೊರಬೀಳುತ್ತದೆ. ಮರಳು ತೆಗೆದಲ್ಲಿ ನದಿಯ ತಳ ಕುಸಿಯುತ್ತದೆ; ಆ ಗುಂಡಿಯನ್ನು ತುಂಬಲು ನೀರು ಮೇಲಿನ ತಳವನ್ನೂ ಕೊರೆಯುತ್ತ ಹೋಗುತ್ತದೆ; ಸೇತುವೆಯ ಕಂಬಗಳ ಬುಡ ಬರಿದಾಗುತ್ತದೆ. ತಳ ತಗ್ಗಿದ ನದಿಯಲ್ಲಿ ಸಮುದ್ರದ ಉಪ್ಪುನೀರು ಇನ್ನಷ್ಟು ಒಳಕ್ಕೆ ಏರಿ, ದಡದ ಬಾವಿಗಳ ನೀರು ಕೆಡುತ್ತದೆ. ಅಳಿವೆಯ ಮರಳಿನಲ್ಲಿ ಬೆಳೆಯುವ ಮರುವಾಯಿಯನ್ನು ಆಯ್ದು ಬದುಕುವವರ ತುತ್ತು ಕಡಿಮೆಯಾಗುತ್ತದೆ.

2018ರ ಜೂನ್ 25ರಂದು ಇದೇ ಫಲ್ಗುಣಿಯ ಮೇಲಿನ ಮುಲ್ಲರಪಟ್ಣದ ಸೇತುವೆ ಕುಸಿದುಬಿದ್ದಿತು. ಅಕ್ರಮ ಮರಳುಗಾರಿಕೆಯೇ ಇದಕ್ಕೆ ಕಾರಣವೆಂದು ಊರಿನವರು ದೂರಿದರು. ಬಂಟ್ವಾಳ ತಾಲ್ಲೂಕಿನಿಂದ ಆಚೆ ದಡಕ್ಕೆ ಹೋಗುತ್ತಿದ್ದ ವಿದ್ಯಾರ್ಥಿಗಳೂ ಕೆಲಸಗಾರರೂ ಬಹಳ ದೂರ ಸುತ್ತಿ ನಡೆಯಬೇಕಾಯಿತು. ಒಂದೊಂದು ಲಾರಿಯ ಮರಳಿಗೆ ಒಡೆಯನಿಲ್ಲವೆಂದು ತೋರಬಹುದು. ಸೇತುವೆಗೆ ಮಾತ್ರ ಸಾವಿರಾರು ಜನ ಒಡೆಯರು. ನಷ್ಟವನ್ನು ಅನೇಕರು ಹಂಚಿಕೊಂಡಾಗ ಅದು ಚಿಕ್ಕದಾಗಿ ಕಾಣುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ನಮ್ಮ ಕಾನೂನು ಕೂಡ ಇದನ್ನೇ ಹೇಳಿದೆ. ಸರ್ಕಾರಿ ಭೂಮಿಯಿಂದ ಅನುಮತಿಯಿಲ್ಲದೆ ಮರಳು ತೆಗೆಯುವುದು 1957ರ ಗಣಿ ಮತ್ತು ಖನಿಜ ಕಾಯ್ದೆಯ ಉಲ್ಲಂಘನೆಯಷ್ಟೇ ಅಲ್ಲ, ದಂಡ ಸಂಹಿತೆಯಂತೆ ಕಳವೂ ಆಗಬಲ್ಲುದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ದಾರಿಯಲ್ಲಿ ಬಿದ್ದ ಉಂಗುರದ ವಿಷಯವೂ ಹೀಗೆಯೇ. ಒಡೆಯನಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಂಡರೆ ತಪ್ಪಿಲ್ಲ. ಅವನನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ ತನ್ನದಾಗಿಸಿಕೊಂಡರೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಂತೆ ಅಪರಾಧ. ನೆಲದಲ್ಲಿ ಹೂತ ನಿಧಿಯ ಒಡೆಯರು ಎಂದೋ ಗತಿಸಿರಬಹುದು. ಆದರೂ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಭಾರತೀಯ ನಿಧಿ ಕಾಯ್ದೆಯೇ ವಿಧಿಸಿತ್ತು.

ಕಾನೂನಿಗಿಂತ ಸೂಕ್ಷ್ಮವಾದ ತಕ್ಕಡಿಯೊಂದು ನಮ್ಮ ಪರಂಪರೆಯಲ್ಲಿದೆ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ತಾಯಿಯವರು ಅದನ್ನು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ನೆಲಕ್ಕೆ ಬಿದ್ದ ಅಕ್ಕಿ ಅದು. ಬಸವಣ್ಣನವರಿಗೆ ಅದರಿಂದ ಕಿಂಚಿತ್ತೂ ನಷ್ಟವಿರಲಿಲ್ಲ. ಯಾರೂ ಕೇಳುವವರೂ ಇರಲಿಲ್ಲ. ಆದರೆ ಆ ತಾಯಿ ಕೇಳಿದ ಪ್ರಶ್ನೆಯೇ ಬೇರೆ. ಕೊಟ್ಟವರಿಗೆ ಎಷ್ಟು ಕಡಿಮೆಯಾಯಿತೆಂದು ಅವರು ಎಣಿಸಲಿಲ್ಲ. ನಮಗೆ ಸಲ್ಲತಕ್ಕದ್ದು ಎಷ್ಟೆಂದು ನೋಡಿದರು. ‘ಯಾರಿಗೂ ನಷ್ಟವಿಲ್ಲ’ ಎಂದು ಸಾಧಿಸಿದರೂ, ‘ಇದು ನನಗೆ ಸಲ್ಲುವುದೇ’ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಹಾಗಾದರೆ ಸಾಮಾನ್ಯ ಗೃಹಸ್ಥರು ಮಾಡಬೇಕಾದುದೇನು? ನಮ್ಮಲ್ಲಿ ಯಾರೂ ರಾತ್ರಿ ದೋಣಿ ಏರಿ ಮರಳು ತೆಗೆಯುವವರಲ್ಲ. ಆದರೆ ಮನೆ ಕಟ್ಟಿಸುವವರು ನಾವೇ. ಗುತ್ತಿಗೆದಾರನು ಪೇಟೆಯ ಬೆಲೆಗಿಂತ ತೀರ ಅಗ್ಗಕ್ಕೆ ಮರಳು ತರಿಸುವೆನೆಂದಾಗ ‘ಪರ್ಮಿಟ್ ಎಲ್ಲಿ?’ ಎಂದು ಕೇಳುವುದು ಯಜಮಾನನ ಕರ್ತವ್ಯ. ಪರ್ಮಿಟ್ಟಿನ ಮರಳು ದೊರೆಯದಿದ್ದರೆ ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ಕದ್ದ ಮಾಲೆಂದು ತಿಳಿದೂ ಕೊಳ್ಳುವವನು ಕಳ್ಳನ ಕೈಯನ್ನು ಬಲಪಡಿಸುತ್ತಾನೆ. ಕೊಳ್ಳುವವರು ಇಲ್ಲವಾದರೆ ರಾತ್ರಿಯ ದೋಣಿಗೆ ಕೆಲಸವೂ ಉಳಿಯುವುದಿಲ್ಲ.

ಕಾಯಕದಿಂದ ಗಳಿಸಿದ ಹಣದಲ್ಲಿ ಕಟ್ಟಿದ ಮನೆಯಲ್ಲಿ ಇಷ್ಟಲಿಂಗ ಪೂಜೆ ನಡೆಯಬೇಕೆಂದು ನಾವು ಹಂಬಲಿಸುತ್ತೇವೆ. ಹಣವು ಶುದ್ಧವಾಗಿದ್ದರೆ ಸಾಲದು, ಗೋಡೆಯ ಮರಳೂ ಶುದ್ಧವಾಗಿರಬೇಕು. ಮುಂದಿನ ಬಾರಿ ಮನೆಯ ಮುಂದೆ ಲಾರಿ ಬಂದು ನಿಂತಾಗ ಮನೆಯ ತಾಯಂದಿರು ಲಕ್ಕಮ್ಮನವರಂತೆ ಒಂದು ಮಾತು ಕೇಳಲಿ. ಆ ಮಾತಿನಿಂದ ಎಲ್ಲಿಯೋ ಒಂದು ಸೇತುವೆಯ ಕಂಬಕ್ಕೆ ಆಧಾರ ಉಳಿಯುತ್ತದೆ.