ಹಿಜಿಕಿಯೊಳಗಿನ ಪಾಷಾಣ

ಜಪಾನೀಯರ ಅಡುಗೆಮನೆಯಲ್ಲಿ ಸೋಯಾ ರಸದೊಡನೆ ಬೇಯುವ, ಕೊರಿಯಾದ ದಕ್ಷಿಣ ಕರಾವಳಿಯಲ್ಲಿ ಹಗ್ಗಗಳ ಮೇಲೆ ಕೃಷಿಗೊಳ್ಳುವ ಹಿಜಿಕಿಯೆಂಬ ಈ ಕೃಷ್ಣವರ್ಣದ ಸಮುದ್ರಶೈವಲವು, ಕ್ಯಾಲ್ಸಿಯಂ, ಅಯೋಡಿನ್ ಮುಂತಾದ ಖನಿಜಗಳನ್ನು ಕಡಲನೀರಿನಿಂದ ಹೀರಿ ಸಂಚಯಿಸುವಂತೆಯೇ, ಪಾಷಾಣಜಾತಿಯ ಆರ್ಸೆನಿಕ್ಕನ್ನೂ ತನ್ನೊಳಗೆ ತುಂಬಿಕೊಳ್ಳುತ್ತದೆ. ನೋರಿ, ಕೊಂಬು ಎಂಬ ಇತರ ಸಮುದ್ರಶೈವಲಗಳಲ್ಲಿಯೂ ಆರ್ಸೆನಿಕ್ ಉಂಟು. ಆದರೆ ಅಲ್ಲಿ ಅದು ಬಹುತೇಕ ಸಕ್ಕರೆಯ ಅಣುಗಳೊಡನೆ ಬೆಸೆದು ಸೌಮ್ಯವಾಗಿರುವುದು. ಹಿಜಿಕಿಯಲ್ಲಾದರೋ ಅಧಿಕಭಾಗವು ನಿರವಯವ ರೂಪದಲ್ಲಿ, ಅರ್ಬುದಕಾರಕವಾಗಿಯೇ ಉಳಿಯುವುದು.

ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆಯು 2004ರಲ್ಲಿ ಹಿಜಿಕಿಯನ್ನು ತಿನ್ನಲೇಬೇಡಿರೆಂದು ಸಾರಿತು. ಜಪಾನಿನ ಕೃಷಿ ಸಚಿವಾಲಯವು ಮಾತ್ರ, ಅಷ್ಟು ಕಠೋರವಾಗದೆ (ಅಜ್ಜಿಯರ ಕೈರುಚಿಯನ್ನು ನಿಷೇಧಿಸಬಲ್ಲ ಸರ್ಕಾರವೆಲ್ಲಿದೆ?), ಒಣ ಹಿಜಿಕಿಯನ್ನು ನೆನೆಸಿ, ಕುದಿಸಿ, ಆ ನೀರನ್ನು ಚೆಲ್ಲಿ ಬಳಸಿರೆಂದು ಬೋಧಿಸುತ್ತದೆ, ಹಾಗೆ ಮಾಡಿದಲ್ಲಿ ನಿರವಯವ ಆರ್ಸೆನಿಕ್ಕಿನ ಬಹುಪಾಲು ನೀರಿನೊಡನೆಯೇ ಹೊರಟುಹೋಗುವುದು.