ಹಳೆಯ ಗಾಡಿಯ ಜಮಾಖರ್ಚು

ಮೊನ್ನೆ ಭಾನುವಾರ ಬೆಂಗಳೂರಿನಿಂದ ಬಂದ ನನ್ನ ಸೋದರಳಿಯ ಕಾಫಿಯ ಲೋಟವನ್ನು ಕೆಳಗಿಡುವ ಮುನ್ನವೇ ವಿಷಯಕ್ಕೆ ಬಂದ. “ಮಾವ, ಆ ಯೆಜ್ಡಿಯನ್ನು ಇನ್ನು ಮಾರಿಬಿಡಿ. ನೀವು ಕೊಟ್ಟ ಹಣದ ಹತ್ತರಷ್ಟು ಕೊಡುವವರೊಬ್ಬರು ನನಗೆ ಗೊತ್ತು.” ಬಾಯಿಮಾತಿಗೆ ನಿಲ್ಲಿಸದೆ ಹಾಳೆಯೊಂದರ ಮೇಲೆ ಲೆಕ್ಕವನ್ನೂ ಬರೆದು ತಂದಿದ್ದ.

ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ನನ್ನ ಗಾಡಿ ಲೀಟರಿಗೆ 30 ಕಿಲೋಮೀಟರು ಓಡಿದ ದಿನವೇ ನನಗೆ ಹಬ್ಬ. ಇಂದಿನ ಸಣ್ಣ ಮೋಟಾರು ಸೈಕಲ್ಲುಗಳು ಅದರ ಇಮ್ಮಡಿ ಓಡುತ್ತವೆ. ಟೂ ಸ್ಟ್ರೋಕ್ ಎಂಜಿನ್ ಆದುದರಿಂದ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಬೇಕು. ನೋಂದಣಿ 15 ವರ್ಷಕ್ಕೆ ತೀರಿದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಬೇಕು. ಹಸಿರು ತೆರಿಗೆ ಕಟ್ಟಬೇಕು. ವಿಮೆ ಬೇರೆ.

ಇನ್ನು ಆ ಹತ್ತರಷ್ಟು ಬೆಲೆ! 1984ರಲ್ಲಿ ನಾನು ಅದನ್ನು ಸಹೋದ್ಯೋಗಿಯೊಬ್ಬರಿಂದ ಕೊಂಡೆ. ಅದೇ ಹಣವನ್ನು ನೂರಕ್ಕೆ 8ರಂತೆ ಚಕ್ರಬಡ್ಡಿಗೆ ಇಟ್ಟಿದ್ದರೆ 40 ವರ್ಷಕ್ಕೆ ಇಪ್ಪತ್ತರಷ್ಟಕ್ಕೂ ಮೀರುತ್ತಿತ್ತು. ಹಳೆಯ ವಾಹನವನ್ನು ಉಳಿತಾಯವೆಂದು ಬಗೆಯುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಹಾಗಾದರೆ ಇಷ್ಟು ಕಾಲ ಅದನ್ನು ಇಟ್ಟುಕೊಂಡದ್ದೇಕೆ? ಊರಿನ ಅಭಿಮಾನ ಸ್ವಲ್ಪ ಇದ್ದೀತು. ಪ್ರಾಗ್ ನಗರದಲ್ಲಿ 1929ರಲ್ಲಿ ಹುಟ್ಟಿದ ಜಾವಾ, 1961ರಿಂದ ನಮ್ಮ ಮೈಸೂರಿನಲ್ಲಿಯೇ ತಯಾರಾಗತೊಡಗಿತು. ಇರಾನಿ ಮನೆತನದವರು ಯಾದವಗಿರಿಯಲ್ಲಿ ನಡೆಸಿದ ಕಾರ್ಖಾನೆ ಅದು. ಮುಂದೆ ಅಲ್ಲಿಯ ಗಾಡಿಗಳೇ ಯೆಜ್ಡಿ ಎಂಬ ಹೆಸರನ್ನು ಪಡೆದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು; ಒದ್ದು ಹೊರಡಿಸುವ ಕಿಕ್ಕರೇ ಗೇರು ಬದಲಿಸುವ ಸನ್ನೆ. ಹೊಸಬರು ಒದೆಯಲು ಹೋಗಿ ಪೇಚಿಗೆ ಸಿಕ್ಕುವುದನ್ನು ನೋಡುವುದು ನಮ್ಮ ಬಡಾವಣೆಯ ಒಂದು ವಿನೋದವಾಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿ ಬಂದವು. ಹೆಸರು ಅದೇ, ಎಂಜಿನ್ ಫೋರ್ ಸ್ಟ್ರೋಕ್.

ಆದರೆ ನಿಜವಾದ ಕಾರಣ ಊರಲ್ಲ, ಒಬ್ಬ ಮನುಷ್ಯ. ನಾನು ಮೇಷ್ಟ್ರು, ಅವರು ಮೇಸ್ತ್ರಿ. ಒಮ್ಮೆ ನಂಜನಗೂಡಿನ ದಾರಿಯಲ್ಲಿ, ಎಣ್ಣೆ ಬೆರೆಸುವುದರಲ್ಲಿ ನಾನು ತೋರಿದ ಸೋಮಾರಿತನದ ಫಲವಾಗಿ, ಎಂಜಿನ್ ಸೀಜ್ ಆಗಿ ನಿಂತುಬಿಟ್ಟಿತು. ಗಾಡಿಯನ್ನು ಲಾರಿಯ ಮೇಲೆ ಹೇರಿ ತಂದೆ. ಮೇಸ್ತ್ರಿ ಸಿಲಿಂಡರನ್ನು ಬಿಚ್ಚಿ, ಗೀರು ಬಿದ್ದ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟು, “ಮೇಷ್ಟ್ರೇ, ಇದು ಮಾಡಿದವರ ತಪ್ಪಲ್ಲ, ನಡೆಸಿದವರದು” ಎಂದರು. ತರಗತಿಯಲ್ಲಿ ನಾನು ಯಾರಿಗೂ ಅಷ್ಟು ಚೊಕ್ಕವಾಗಿ ಪಾಠ ಹೇಳಿದ್ದಿಲ್ಲ. ಬೋರು ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ ಮೇಲೆ ಗಾಡಿ ಮತ್ತೆ ನನ್ನನ್ನು ದಾರಿಯಲ್ಲಿ ಕೈಬಿಟ್ಟಿಲ್ಲ.

ಅಂದಿನಿಂದ ನನಗೊಂದು ಅಭಿಪ್ರಾಯ ಬೇರೂರಿದೆ. ವಾಹನದ ಭರವಸೆ ಎಂಬುದು ಬರಿಯ ಕಬ್ಬಿಣದಲ್ಲಿಲ್ಲ. ಅದನ್ನು ಬಲ್ಲ ಕೈಗಳಲ್ಲಿದೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಈ ಗಾಡಿಗಳು ಓಡುತ್ತಿರುವುದು ಇಂಥ ಮೇಸ್ತ್ರಿಗಳಿಂದ. ಗಾಡಿ ಕೊಳ್ಳಹೊರಟ ವಿದ್ಯಾರ್ಥಿಗಳು ನನ್ನನ್ನು ಕೇಳಿದರೆ ನಾನು ಹೇಳುವುದಿಷ್ಟೆ: ಬೆಲೆಯನ್ನೂ ಮೈಲೇಜನ್ನೂ ಕೇಳುವ ಮೊದಲು, ಅದು ಕೆಟ್ಟಾಗ ತಳ್ಳಿಕೊಂಡು ಹೋಗುವಷ್ಟು ದೂರದಲ್ಲಿ ಬಲ್ಲವರು ಯಾರಿದ್ದಾರೆಂದು ವಿಚಾರಿಸಿರಿ.

ಈಗಿನ ತೊಡಕೂ ಅಲ್ಲಿಯೇ ಇದೆ. ಮೇಸ್ತ್ರಿಗೆ ಕಣ್ಣು ಮಂಜಾಗಿದೆ. ಪಾಯಿಂಟಿನ ಸಂದನ್ನು ಈಗ ಉಗುರಿನಿಂದ ತಡವಿ ಅಳೆಯುತ್ತಾರೆ. ಸೋದರಳಿಯನ ಮಾತನ್ನು ಅವರ ಮುಂದಿಟ್ಟೆ. ಬೇಡವೆಂದಾರು ಎಂದುಕೊಂಡಿದ್ದೆ. “ಮಾರಿ ಮೇಷ್ಟ್ರೇ, ನಾನು ಇನ್ನೆಷ್ಟು ದಿನ? ಆದರೆ ಓಡಿಸುವವರೋ ನಿಲ್ಲಿಸಿಕೊಳ್ಳುವವರೋ ಕೇಳಿ ಮಾರಿ” ಎಂದರು.

ಕೇಳಿದೆ. ಕೊಳ್ಳುವವರು ಹೋಟೆಲಿನ ಮಾಲೀಕರು. ಪೆಟ್ರೋಲನ್ನೆಲ್ಲ ಬಸಿದು, ಬಣ್ಣ ಹೊಡೆದು, ಹಜಾರದಲ್ಲಿ ಅಲಂಕಾರಕ್ಕೆ ನಿಲ್ಲಿಸುವರಂತೆ. ಫೋನಿನಲ್ಲಿಯೇ ಕ್ಷಮೆ ಕೇಳಿ ವ್ಯವಹಾರವನ್ನು ಮುಗಿಸಿದೆ.

ಅಳಿಯನ ಹಾಳೆಯನ್ನು ಎಸೆದಿಲ್ಲ. ಅದರ ಖರ್ಚಿನ ಕಡೆ ಎಲ್ಲವೂ ಸರಿಯಾಗಿದೆ, ನಷ್ಟ ನನ್ನದೇ. ಜಮೆಯ ಕಡೆ ಏನು ಬರೆಯಬೇಕೆಂಬುದು ಮಾತ್ರ ಉಳಿದಿದೆ. ಮುಂದಿನ ಸಲ ಅವನು ಬಂದಾಗ ಮೇಸ್ತ್ರಿಯ ಅಂಗಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವರ ಉಗುರಿಗೆ ತಿಳಿದಿರುವುದನ್ನು ಇನ್ನೊಂದು ಉಗುರು ಕಲಿತುಕೊಂಡರೆ ಆ ಕಡೆಗೂ ಒಂದು ಬಾಬು ಬಿದ್ದೀತು.